ಕೊನೆಯ ಅಂಕಿ: ಹಾಲಿನ ಡೇರಿಯೊಂದರ ಪ್ರಕರಣ

ಇದು ಮಂಡ್ಯ ಜಿಲ್ಲೆಯ ಒಂದು ಊರಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದು. ಊರು, ತಾಲ್ಲೂಕು, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕಕ್ಕೆ ಮಾತ್ರ ಕೈ ಹಾಕಿಲ್ಲ, ಯಾಕೆಂದರೆ ಇಡೀ ಪ್ರಕರಣ ನಿಂತಿರುವುದೇ ಒಂದು ಸಣ್ಣ ಲೆಕ್ಕದ ಮೇಲೆ.

ಮುಖ್ಯ ವ್ಯಕ್ತಿಯನ್ನು ಇಲ್ಲಿ 'ಸೊಸೆ' ಎಂದೇ ಕರೆಯುತ್ತೇನೆ. ಊರಲ್ಲೂ ಅವಳು ಇಂಥವರ ಮನೆ ಸೊಸೆ, ಅಷ್ಟೇ. ಮದುವೆಯಾಗಿ ಬಂದು ಆರು ವರ್ಷವಾಗಿದ್ದರೂ ಡೇರಿಯ ಸಾಲಿನಲ್ಲಿ ಅವಳ ಸ್ವಂತ ಹೆಸರು ಗೊತ್ತಿದ್ದವರು ಮೂರೋ ನಾಲ್ಕೋ ಜನ.

ಹಿನ್ನೆಲೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರು. ಕಬ್ಬು, ಭತ್ತ, ಬದುವಿನ ಮೇಲೆ ತೆಂಗು. ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ಬೆಳೆದವನಿಗೇ ಗೊತ್ತಿರುವುದಿಲ್ಲ. ಹಾಗಾಗಿ ಸಂತೆಗೆ, ಮಕ್ಕಳ ಫೀಸಿಗೆ, ಸ್ತ್ರೀಶಕ್ತಿ ಸಂಘದ ಕಂತಿಗೆ ಎಲ್ಲರೂ ಕಾಯುವುದು ಹಾಲಿನ ಬಟವಾಡೆಯನ್ನು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನು ಯೋಜನೆ ಶುರುವಾದಾಗ ಮೈಸೂರು, ಮಂಡ್ಯ ಸೀಮೆಯೂ ಅದರಲ್ಲಿ ಸೇರಿತ್ತು. ಗುಜರಾತಿನ ಆಣಂದ್ ಮಾದರಿಯ ಸಹಕಾರ ಸಂಘಗಳು ಊರೂರಿಗೆ ಬಂದವು. ಈ ಮಾದರಿಯಲ್ಲಿ ಹಾಲು ಹಾಕುವವರೇ ಸಂಘದ ಒಡೆಯರು. ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರಿಗೆ ಇದು ನೆನಪಿರುವುದು ಕಡಿಮೆ.

ಈ ಊರಿನ ಡೇರಿಗೆ ಸುಮಾರು 140 ಮನೆಯವರು ದಿನಕ್ಕೆ ಎರಡು ಹೊತ್ತು ಹಾಲು ಹಾಕುತ್ತಿದ್ದರು. ಒಂದು ಕೌಂಟರ್, ಅದರ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ. ತಕ್ಕಡಿಯ ಅಂಕಿ ಕಾಣುವ ಮುಖ ಕಾರ್ಯದರ್ಶಿಯ ಕಡೆಗೆ. ಅವರು ನೋಡಿ ಹಾಲು ಹಾಕುವವರ ಪುಸ್ತಕದಲ್ಲಿ ಬರೆದು ವಾಪಸ್ ಕೊಡುತ್ತಾರೆ. ಪಕ್ಕದಲ್ಲಿ ಟೆಸ್ಟರ್ ಹುಡುಗ ಡಿಗ್ರಿ, ಅಂದರೆ ಹಾಲಿನ ಗಟ್ಟಿತನ, ನೋಡುತ್ತಾನೆ. ಹಾಲು ಒಳಗಿನ ದೊಡ್ಡ ಕೂಲರ್ ಟ್ಯಾಂಕಿಗೆ ಹೋಗುತ್ತದೆ. ಇಂಥ ಸಂಘಗಳಿಂದ ಹಾಲು ಕೊಳ್ಳುವ ಹಾಲು ಒಕ್ಕೂಟದ ಟ್ಯಾಂಕರ್ ಬಂದು ಅಲ್ಲಿಂದ ಎತ್ತಿಕೊಂಡು ಹೋಗುತ್ತದೆ.

ಕಾರ್ಯದರ್ಶಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವರು ಕೆಟ್ಟ ಮನುಷ್ಯ ಅಂತ ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಹಸುವಿನ ವಿಮೆಯ ಅರ್ಜಿ ತುಂಬಿಕೊಡುವವರು ಅವರೇ. ಬಟವಾಡೆಗೆ ಮುಂಚೆ ಯಾರಿಗಾದರೂ ಐನೂರು ಬೇಕೆಂದರೆ ಜೇಬಿನಿಂದ ತೆಗೆದು ಕೊಡುವವರೂ ಅವರೇ. ಸೊಸೆಯ ಮನೆಯ ಹಸು ಒಂದು ರಾತ್ರಿ ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದದ್ದು ಅವರು. ಊರಿನ ಅರ್ಧಕ್ಕರ್ಧ ಜನಕ್ಕೆ ಒಂದಲ್ಲ ಒಂದು ದಾರಿಯಲ್ಲಿ ನೆಂಟರು. ಸೊಸೆಗೆ ಅವರು ದೂರದ ಮಾವ ಆಗಬೇಕು.

ಏನೋ ಕಮ್ಮಿ

ಸೊಸೆ ಓದಿದ್ದು ಪಿಯುಸಿ ಕಾಮರ್ಸ್. ಮದುವೆಗೆ ಮುಂಚೆ ಮಂಡ್ಯದ ಒಂದು ದಿನಸಿ ಅಂಗಡಿಯಲ್ಲಿ ಎರಡು ವರ್ಷ ಬಿಲ್ ಹಾಕುತ್ತಿದ್ದಳು. ತಕ್ಕಡಿ ಅವಳಿಗೆ ಹೊಸದಲ್ಲ. ಮನೆಯಲ್ಲಿ ಹಾಲು ಕರೆದ ಮೇಲೆ ಕ್ಯಾನಿನಲ್ಲಿ ಎಲ್ಲಿಯವರೆಗೆ ಬಂತು ಅಂತ ನೋಡುತ್ತಾಳೆ, ಪುಸ್ತಕದಲ್ಲಿ ಬರೆದದ್ದು ಅದಕ್ಕಿಂತ ಯಾವಾಗಲೂ ಒಂಚೂರು ಕಮ್ಮಿ. ಜಾಸ್ತಿ ಒಂದು ದಿನವೂ ಇಲ್ಲ. ಇದೇ ಅವಳನ್ನು ಕಾಡಿದ್ದು. ತಪ್ಪಿನಿಂದ ಆಗಿದ್ದರೆ ಒಂದು ದಿನ ಆ ಕಡೆ, ಒಂದು ದಿನ ಈ ಕಡೆ ಆಗಬೇಕಿತ್ತು ಅಲ್ವಾ?

ಗಂಡನಿಗೆ ಹೇಳಿದಳು. 'ಸುಮ್ನಿರು, ಸೊಸೈಟಿ ಸಾಲಕ್ಕೆ ಅವ್ರೇ ಜಾಮೀನು ಹಾಕಿರದು' ಅಂದ. ಅತ್ತೆಗೆ ಹೇಳಿದಳು. 'ಬುಡವ್ವ, ಒಂದ್ ಲೋಟ ಆಲಿಗೆ ಯಾಕ್ ಮುಖ ಮುರ್ಕೊಳದು' ಅಂದರು.

ಅತ್ತೆಯ ಈ ಮಾತನ್ನು ಆಮೇಲೆ ನಾನು ಬೇರೆ ಬೇರೆ ಊರಿನ ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ಜನ ಹೆದರಿ ಸುಮ್ಮನಿರುತ್ತಾರೆ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಇಲ್ಲಿ ಹೆದರಿಕೆ ಕಡಿಮೆ, ಮುಲಾಜು ಜಾಸ್ತಿ. ನಡುರಾತ್ರಿ ಡಾಕ್ಟರನ್ನು ಕರೆತಂದವನನ್ನು ಒಂದು ಲೋಟ ಹಾಲಿನ ಲೆಕ್ಕ ಕೇಳುವುದು ಹೇಗೆ? ಕೇಳಿದರೆ ಕೇಳಿದವಳೇ ಸಣ್ಣವಳಾಗುತ್ತಾಳೆ. ಇದರ ಜೊತೆಗೆ ಇನ್ನೊಂದು. ಪ್ರತಿ ಮನೆಯವರೂ ತಮಗೊಬ್ಬರಿಗೇ ಹೀಗಾಗುತ್ತಿದೆ ಅಂದುಕೊಂಡಿದ್ದರು. ನಮ್ಮ ಕ್ಯಾನೇ ಸರಿ ಇಲ್ಲವೇನೋ, ನೊರೆ ನೋಡಿ ಮೋಸ ಹೋದೆವೇನೋ ಅಂತ ತಮ್ಮನ್ನೇ ಸಮಾಧಾನ ಮಾಡಿಕೊಂಡಿದ್ದರು.

ಮೊದಲ ಸಲ ಬಾಯಿ ಬಿಟ್ಟಾಗ

ಎಂಟು ತಿಂಗಳು ಸೊಸೆ ಏನೂ ಹೇಳಲಿಲ್ಲ. ಒಂದು ದಿನ ಬೆಳಗ್ಗೆ ಹಾಲಿನ ಕ್ಯಾನನ್ನು ಡೇರಿಗೆ ಹೋಗುವ ದಾರಿಯಲ್ಲಿ ಗೊಬ್ಬರದ ಅಂಗಡಿಗೆ ಒಯ್ದು ತೂಗಿದಳು. ಖಾಲಿ ಕ್ಯಾನಿನ ತೂಕ ಹಿಂದಿನ ದಿನವೇ ನೋಡಿಟ್ಟುಕೊಂಡಿದ್ದಳು. ಅದನ್ನು ಕಳೆದರೆ ಹಾಲು 4.70. ಡೇರಿಯಲ್ಲಿ ಪುಸ್ತಕಕ್ಕೆ ಬಿದ್ದದ್ದು 4.5.

ಆವತ್ತು ಹಿಂದಿನ ರಾತ್ರಿ ನಿದ್ದೆ ಇಲ್ಲ. ಇನ್ನೊಂದು ಹಸುವಿಗೆ ಕೆಚ್ಚಲು ಬಾವು. ಸಾಲಿನಲ್ಲಿ ಮೂವತ್ತು ಜನರ ಮುಂದೆ ಕೂಗಿಬಿಟ್ಟಳು. 'ಇನ್ನೂರು ಮಿಲಿ ಎಲ್ಲಿಗೆ ಹೋಯ್ತು ಮಾವ? ಇದು ಕಳ್ಳ ಲೆಕ್ಕ!'

ಕಾರ್ಯದರ್ಶಿ ಸಿಟ್ಟಾಗಲಿಲ್ಲ. ನಕ್ಕರು. 'ಅಂಗಡೀದು ಕೆಜಿ ಕನವ್ವ. ಇಲ್ಲಿ ಲೆಕ್ಕ ಲೀಟರ್‌ದು. ಹಾಲು ನೀರಿಗಿಂತ ತೂಕ ಜಾಸ್ತಿ. ಲೀಟರಿಗೆ ಒಂದು ಪಾಯಿಂಟ್ ಸೊನ್ನೆ ಮೂರು ಕೆಜಿ. ಭಾಗ ಹಾಕು, ನಾಕು ಐವತ್ತಾರು ಬತ್ತದೆ. ಪಿಯುಸಿ ಓದಿದೀಯಲ್ಲ?'

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರು ಹೇಳಿದ್ದು ಸರಿಯಾಗಿತ್ತು. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಸೊಸೆ ಖಾಲಿ ಕ್ಯಾನು ಹಿಡಿದು ತಲೆ ತಗ್ಗಿಸಿ ಮನೆಗೆ ಬಂದಳು.

ಮಾರನೇ ದಿನದಿಂದ ಅವರ ಮನೆಯ ಹಾಲು 'ಡಿಗ್ರಿ ಇಲ್ಲ' ಅಂತ ವಾಪಸ್ ಬಂತು. ನಾಲ್ಕು ದಿನ. ಹಾಲಿಗೆ ನೀರು ಬಿದ್ದಿದೆ ಅಂತ ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಟೆಸ್ಟರ್ ಹುಡುಗ ಹೇಳಿದ. ಬೂಸಾ ಚೀಲ ಕೇಳಿದರೆ ಸ್ಟಾಕ್ ಇಲ್ಲ. ಗಂಡ ಮನೆಯಲ್ಲಿ ಕೂಗಾಡಿದ. ಮುಂಚೆ ಮಾತಾಡಿಸುತ್ತಿದ್ದ ಹೆಂಗಸರು ಸಾಲಿನಲ್ಲಿ ಅವಳಿಂದ ಎರಡು ಹೆಜ್ಜೆ ದೂರ ನಿಂತರು.

ಈ ಸೋಲನ್ನು ಬೇಗ ದಾಟಿ ಹೋಗಬಾರದು ಅನ್ನಿಸುತ್ತದೆ ನನಗೆ. ಅವಳ ಅನುಮಾನ ನಿಜ. ಆದರೆ ಅವಳು ಹೇಳಿದ ಅಂಕಿ ತಪ್ಪು, ಜಾಗ ತಪ್ಪು, ಹೊತ್ತು ತಪ್ಪು. ಬೆಳಗಿನ ಸಾಲಿನಲ್ಲಿ ನಿಂತವರಿಗೆ ಹಾಲು ಹಾಕಿ ಗದ್ದೆಗೋ ಮಕ್ಕಳನ್ನು ಸ್ಕೂಲಿಗೆ ಕಳಿಸುವುದಕ್ಕೋ ಓಡಬೇಕು. ಅಲ್ಲಿ ಜಗಳ ತೆಗೆದವರು ಎಲ್ಲರ ಹೊತ್ತು ತಿಂದ ಹಾಗೆ. 'ಕಳ್ಳ' ಅನ್ನುವ ಪದ ಬಂದ ತಕ್ಷಣ ಮಾತು ಹಾಲಿನಿಂದ ಮನುಷ್ಯನ ಮೇಲೆ ಹೋಯಿತು. ಆ ಮನುಷ್ಯನಿಂದ ಉಪಕಾರ ಪಡೆದವರು ಯಾರ ಕಡೆ ನಿಲ್ಲುತ್ತಾರೆ?

ಆದರೆ ಆ ರಾತ್ರಿ ಪಾತ್ರೆ ತೊಳೆಯುವಾಗ ಅವಳಿಗೆ ಒಂದು ಹೊಳೆಯಿತು. ಇದನ್ನು ಅವಳೇ ನನಗೆ ಹೇಳಿದ್ದು, ಹೇಳುವಾಗ ಕೈಯಲ್ಲಿ ತಟ್ಟೆ ತೊಳೆಯುವ ಹಾಗೆ ತಿರುಗಿಸಿ ತೋರಿಸಿದಳು. ಕಾರ್ಯದರ್ಶಿಯೇ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿದ್ದು ನಾಕು ಐವತ್ತಾರು. ಪುಸ್ತಕದಲ್ಲಿ ಬರೆದದ್ದು ನಾಕೂವರೆ. ಆ ಆರು ಎಲ್ಲಿ?

ಒಳಗೆ ಹೋಗಿ ಹಳೆಯ ಪುಸ್ತಕಗಳನ್ನೆಲ್ಲ ತೆಗೆದಳು. 4.3, 5.1, 3.9, 4.8. ಆರು ವರ್ಷದಲ್ಲಿ ಎಲ್ಲಿಯೂ ಪಾಯಿಂಟಿನ ಮುಂದೆ ಎರಡನೇ ಅಂಕಿ ಇಲ್ಲ.

ಕಿಟಕಿ ಮತ್ತು ಕ್ಯಾಲೆಂಡರ್

ಇದಾದ ಒಂದು ತಿಂಗಳಿಗೆ ನಾನು ಆ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕಪತ್ರದ ಒಂದು ದಿನದ ತರಬೇತಿ ನಡೆಸಲು ಹೋಗಿದ್ದೆ. ಊಟದ ನಂತರ ಕೈತೊಳೆಯುವ ನಲ್ಲಿಯ ಹತ್ತಿರ ಅವಳು ನನ್ನನ್ನು ತಡೆದು ಇದನ್ನೆಲ್ಲ ಹೇಳಿದಳು. ನಾನು ಕೇಳಿ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಕೈಯಲ್ಲಿ ಬರೆಯುವ ಕಡೆ ಹೀಗೆ ಕೊನೆಯ ಅಂಕಿ ಬೀಳಿಸುತ್ತಾರೆ ಅಂತ ಆ ಹೊತ್ತಿಗೆ ನಾಲ್ಕೈದು ವರ್ಷದಿಂದ ಕೇಳಿದ್ದೆ. ಕೇಳಿ, 'ಎಲ್ಲಾ ಕಡೆ ಇದ್ದದ್ದೇ' ಅಂತ ಬಿಟ್ಟಿದ್ದೆ. ನನ್ನ ತರಬೇತಿಯ ಯಾವ ಪಾಠದಲ್ಲೂ ಇದು ಇರಲಿಲ್ಲ. ಪಿಯುಸಿ ಹುಡುಗಿ ನಲ್ಲಿಯ ಹತ್ತಿರ ಕೇಳಿದ್ದನ್ನು ಲೆಕ್ಕ ಕಲಿಸಲು ಹೋದ ನಾನು ಯಾರನ್ನೂ ಕೇಳಿರಲಿಲ್ಲ.

ಅಲ್ಲೇ ಒಂದು ಹಾಳೆಯ ಹಿಂದೆ ಲೆಕ್ಕ ಹಾಕಿದೆವು. ಕೊನೆಯ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಯಾವುದಾದರೂ ಬರಬಹುದು. ಸರಾಸರಿ ಹಿಡಿದರೆ ಒಂದು ಸಲಕ್ಕೆ 45 ಮಿಲಿ. ಎರಡು ಹೊತ್ತು, ಮೂವತ್ತು ದಿನ: ಒಂದು ಮನೆಗೆ ತಿಂಗಳಿಗೆ 2.7 ಲೀಟರ್. ಆಗ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಸೇರಿ ಲೀಟರಿಗೆ ಅವರಿಗೆ ಸಿಗುತ್ತಿದ್ದುದು ಸುಮಾರು 33 ರೂಪಾಯಿ. ಅಂದರೆ ತಿಂಗಳಿಗೆ 90 ರೂಪಾಯಿ ಹತ್ತಿರ. ಇಷ್ಟಕ್ಕೆ ಯಾರು ಜಗಳ ಆಡುತ್ತಾರೆ? ಆದರೆ 140 ಮನೆಯಿಂದ ಗುಣಿಸಿದಾಗ ತಿಂಗಳಿಗೆ 378 ಲೀಟರ್ ಬಂತು. ಅವಳು ಪೆನ್ನು ಕೆಳಗಿಟ್ಟಳು.

ಇನ್ನು ಯಾರಿಗಾದರೂ ಹೇಳುವ ಮುಂಚೆ ಲೆಕ್ಕ ಕೈಯಲ್ಲಿರಲಿ, ಒಬ್ಬಳದ್ದಲ್ಲ, ಐದಾರು ಮನೆಯದ್ದು ಇರಲಿ ಅಂತ ನಾನು ಹೇಳಿದ್ದು ಅಷ್ಟೇ. ಉಳಿದ ಉಪಾಯವೆಲ್ಲ ಅವಳದ್ದು.

ಅವಳು ಮೊದಲು ಹೋದದ್ದು ಒಬ್ಬ ವಿಧವೆಯ ಮನೆಗೆ. ಒಂದೇ ಹಸು, ದಿನಕ್ಕೆ ಆರು ಲೀಟರ್. ಆಕೆಯೂ ಬಹಳ ದಿನದಿಂದ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಹಾಕಿಕೊಂಡು ಬರುತ್ತಿದ್ದರಂತೆ. 'ನಮ್ಮನೇದು ಮಾತ್ರ ಕಮ್ಮಿ ಬತ್ತದೆ ಅನ್ಕಂಡಿದ್ದೆ ಕನವ್ವ' ಅಂದರಂತೆ. ಹೀಗೆ ಏಳು ಮನೆ ಸೇರಿದವು.

ಡೇರಿಯ ಪಕ್ಕದ ಗೋಡೆಯಲ್ಲಿ ಬೂಸಾ ಚೀಲ ಕೊಡುವ ಒಂದು ಕಿಟಕಿ ಇದೆ. ಅಲ್ಲಿ ನಿಂತರೆ ತಕ್ಕಡಿಯ ಕೆಂಪು ಅಂಕಿ ಕಾಣುತ್ತದೆ. ಒಬ್ಬಳು ಹಾಲು ಹಾಕುವಾಗ ಇನ್ನೊಬ್ಬಳು ಬೂಸಾ ಬಂತಾ ಅಂತ ಕೇಳುವ ನೆಪದಲ್ಲಿ ಕಿಟಕಿಗೆ ಹೋಗುತ್ತಿದ್ದಳು. ಅಂಕಿಯನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಮನೆಗೆ ಬಂದು ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುವುದು. ಮೇಲೆ ತಕ್ಕಡಿಯದ್ದು, ಕೆಳಗೆ ಪುಸ್ತಕದ್ದು. ಬೆಳಗ್ಗೆಯದು ಪೆನ್ಸಿಲ್, ಸಂಜೆಯದು ನೀಲಿ ಪೆನ್ನು. ಆ ಕ್ಯಾಲೆಂಡರ್ ಹಾಳೆಯನ್ನು ನಾನು ನೋಡಿದ್ದೇನೆ. ಏಕಾದಶಿ, ಅಮಾವಾಸ್ಯೆಯ ಗುರುತಿನ ನಡುವೆ ಇಷ್ಟಿಷ್ಟೇ ಅಂಕಿಗಳು, ಒಂದು ಕಡೆ ಸಾರು ಚೆಲ್ಲಿದ ಕಲೆ.

ಹದಿನೈದು ದಿನ, ಏಳು ಮನೆ, ಎರಡು ಹೊತ್ತು: 210 ಸಲ. ಒಂದೇ ಒಂದು ಸಲವೂ ಕೊನೆಯ ಅಂಕಿ ಪುಸ್ತಕಕ್ಕೆ ಬಿದ್ದಿರಲಿಲ್ಲ. ಬಿಟ್ಟುಹೋದದ್ದು ಒಟ್ಟು 9 ಲೀಟರ್ 380 ಮಿಲಿ.

ದಾರಿ ತಪ್ಪಿದ ಒಂದೂವರೆ ತಿಂಗಳು

ಈ ಮಧ್ಯೆ ಯಾರೋ ಒಬ್ಬರು, 'ಆರ್‌ಟಿಐ ಹಾಕಿ, ಎಲ್ಲ ಹೊರಗೆ ಬರುತ್ತೆ' ಅಂದರು. ಸಂಘಕ್ಕೆ ಅರ್ಜಿ ಹೋಯಿತು. ಉತ್ತರ ಬರಲಿಲ್ಲ. ಇಂಥ ಸಹಕಾರ ಸಂಘಗಳು ಸಾಮಾನ್ಯವಾಗಿ ಮಾಹಿತಿ ಹಕ್ಕಿನ ಕಾಯ್ದೆಯ ಕೆಳಗೆ ನೇರವಾಗಿ ಬರುವುದಿಲ್ಲ ಅಂತ 2013ರಲ್ಲಿ ಕೇರಳದ ಒಂದು ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಹಕಾರ ಇಲಾಖೆಯ ನಿಬಂಧಕರು ಸಂಘದಿಂದ ಕಾನೂನಿನ ಪ್ರಕಾರ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಮೂಲಕ ಕೇಳಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಇದು ನಮಗೆ ತಿಳಿಯುವ ಹೊತ್ತಿಗೆ ಆಗಸ್ಟ್ ಬಂದಿತ್ತು.

ತಕ್ಕಡಿಯೇ ಸರಿ ಇಲ್ಲ ಅಂತ ದೂರು ಕೊಡೋಣ ಅನ್ನುವ ಮಾತೂ ಬಂತು. ಸೊಸೆ ಬೇಡ ಅಂದಳು. ತಕ್ಕಡಿಗೆ ಆ ವರ್ಷದ ಮುದ್ರೆ ಬಿದ್ದಿತ್ತು, ಅದು ಸರಿಯಾಗೇ ತೂಗುತ್ತಿತ್ತು. ತಪ್ಪು ಇರುವುದು ತಕ್ಕಡಿ ಮತ್ತು ಪೆನ್ನಿನ ನಡುವಿನ ಒಂದು ಗೇಣು ಜಾಗದಲ್ಲಿ. ಇನ್ನೊಂದು ಸಲ ತಪ್ಪು ಅಂಕಿ ಹೇಳಿ ನಗೆಪಾಟಲಾಗಲು ಅವಳಿಗೆ ಇಷ್ಟವಿರಲಿಲ್ಲ.

ಕೊನೆಗೆ ಒಂದು ಅರ್ಧ ಹಾಳೆಯ ಪತ್ರ ತಯಾರಾಯಿತು. ಅದರಲ್ಲಿ ಮೋಸ, ಕಳ್ಳತನ, ದೂರು ಯಾವ ಪದವೂ ಇಲ್ಲ. 'ತಕ್ಕಡಿಯಲ್ಲಿ ಬರುವ ಎರಡು ಅಂಕಿಗಳನ್ನೂ ಪುಸ್ತಕದಲ್ಲಿ ಬರೆಯಬೇಕು, ತಕ್ಕಡಿಯ ಮುಖ ಹಾಲು ಹಾಕುವವರಿಗೂ ಕಾಣುವಂತೆ ಇಡಬೇಕು, ಈ ವಿಷಯ ಮಹಾಸಭೆಯಲ್ಲಿ ಚರ್ಚೆಗೆ ಬರಬೇಕು ಎಂದು ಕೋರುತ್ತೇವೆ.' ಕೆಳಗೆ ಏಳು ಸದಸ್ಯರ ಸಹಿ, ಅದರಲ್ಲಿ ಮೂರು ಹೆಬ್ಬೆಟ್ಟು. ಡೇರಿಯಲ್ಲಿ ಕೊಟ್ಟರೆ ತೆಗೆದುಕೊಂಡ ಸೀಲು ಹಾಕಲು ಒಪ್ಪಲಿಲ್ಲ. ರಿಜಿಸ್ಟರ್ ಪೋಸ್ಟಿನಲ್ಲಿ ಅಧ್ಯಕ್ಷರಿಗೆ ಕಳಿಸಿದರು. ಒಂದು ಪ್ರತಿ ಒಕ್ಕೂಟದ ವಿಸ್ತರಣಾಧಿಕಾರಿಗೆ.

ಏಳು ಸದಸ್ಯರಲ್ಲಿ ಸೊಸೆ ಇರಲಿಲ್ಲ. ಅವಳು ಸದಸ್ಯಳೇ ಅಲ್ಲ. ಹಸು ತೊಳೆಯುವುದು, ಹಾಲು ಕರೆಯುವುದು, ಡೇರಿಗೆ ಹೊರುವುದು ಎಲ್ಲಾ ಅವಳು. ಷೇರು ಇದ್ದದ್ದು ಅತ್ತೆಯ ಹೆಸರಲ್ಲಿ.

ಅತ್ತೆ ಹೆಬ್ಬೆಟ್ಟು ಒತ್ತಿದ್ದೇಕೆ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. 210 ಸಲದ ಲೆಕ್ಕ ನೋಡಿ ಅಂದುಕೊಂಡಿದ್ದೆ. ಅಲ್ಲವಂತೆ. ಆ ನಾಲ್ಕು ದಿನ ಹಾಲು ವಾಪಸ್ ಬಂದಿತ್ತಲ್ಲ, ಆಗ ಹುಡುಗ ಅಂದ 'ನೀರು' ಅನ್ನುವ ಒಂದು ಪದ ಅವರ ಹೊಟ್ಟೆಯಲ್ಲಿ ಉಳಿದಿತ್ತು. 'ಮೂವತ್ತು ವರ್ಸದಿಂದ ಆಲು ಹಾಕ್ತಿವ್ನಿ. ನಮ್ಮನೆ ಆಲಿಗೆ ನೀರು ಅಂತ ಯಾವನೂ ಅಂದಿರ್ನಿಲ್ಲ' ಅಂದರು. ಮುಲಾಜು ಮುರಿದದ್ದು ಅಲ್ಲಿ. ಸೊಸೆಯ ಬಾಯಿ ಮುಚ್ಚಿಸಲು ಮಾಡಿದ ಕೆಲಸ ಅತ್ತೆಯ ಬಾಯಿ ತೆರೆಸಿತು.

ಮಹಾಸಭೆ

ಕರ್ನಾಟಕ ಸಹಕಾರ ಸಂಘಗಳ 1959ರ ಕಾಯ್ದೆಯ ಪ್ರಕಾರ ವರ್ಷದ ಸಾಮಾನ್ಯ ಸಭೆ ಸೆಪ್ಟೆಂಬರ್ 25ರ ಒಳಗೆ ನಡೆಯಬೇಕು. ಇಲ್ಲೂ ನಡೆಯಿತು, ದೇವಸ್ಥಾನದ ಮುಂದೆ ಶಾಮಿಯಾನ ಹಾಕಿ. ಒಕ್ಕೂಟದ ವಿಸ್ತರಣಾಧಿಕಾರಿ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂರಲು ನನಗೂ ಒಂದು ಕುರ್ಚಿ ಸಿಕ್ಕಿತ್ತು. ಜಮಾ ಖರ್ಚು ಓದಿದರು. ಮೈಕು ಕೀ ಕೀ ಅನ್ನುತ್ತಿತ್ತು. ಉಪ್ಪಿಟ್ಟು, ಕೇಸರಿಬಾತಿನ ವಾಸನೆ ಬರಲು ಶುರುವಾಗಿತ್ತು. ಅರ್ಧ ಜನ ಆ ಕಡೆಗೇ ನೋಡುತ್ತಿದ್ದರು.

'ಇತರ ವಿಷಯ' ಅಂದ ಕೂಡಲೇ ಸೊಸೆ ಎದ್ದಳು. ಅಧ್ಯಕ್ಷರು ಕೈ ತೋರಿಸಿ, 'ಸದಸ್ಯರು ಮಾತ್ರ ಮಾತಾಡ್ಬೇಕು' ಅಂದರು. ಹಾಗೆ ಹೇಳುವುದು ನಿಯಮಕ್ಕೆ ಸರಿಯೇ. ಒಬ್ಬರ ಬದಲು ಇನ್ನೊಬ್ಬರು ವೋಟು ಹಾಕುವ ಹಾಗೂ ಇಲ್ಲ. ಇದು ಬರಬಹುದು ಅಂತ ಸೊಸೆಗೆ ಗೊತ್ತಿತ್ತು. ಅವಳು ಕೂತಳು, ಪಕ್ಕದಲ್ಲಿದ್ದ ಅತ್ತೆ ಎದ್ದರು.

ಸೆರಗು ತಲೆಯ ಮೇಲೆ ಎಳೆದುಕೊಂಡರು. ಮೈಕು ಬೇಡ ಅಂದರು.

'ನಂಗೊಂದ್ ಗೊತ್ತಾಗ್ಬೇಕು. ತಕ್ಕಡೀಲಿ ನಾಕು ಐವತ್ತಾರು ಅಂತ ಬತ್ತದೆ. ಪುಸ್ತಕದಲ್ಲಿ ನಾಕೂವರೆ ಅಂತ ಬರೀತೀರ. ಆ ಆರು ಎಲ್ಲೋಯ್ತದೆ?'

'ಕೂತ್ಕೊಳ್ಳಿ ಅವ್ವಾ, ಅದು ಸಣ್ ಲೆಕ್ಕ' ಅಂದರು ಅಧ್ಯಕ್ಷರು.

'ಸಣ್ದೇ ಕನಪ್ಪ. ಅದುಕ್ಕೇ ಕೇಳ್ತಿರದು. ಸಣ್ದು ಬರ್ಯಕ್ಕೆ ಏನ್ ಕಷ್ಟ ಅಂತ.'

ನಗು ಬಂತು, ಆದರೆ ಈ ಸಲ ನಗು ಬೇರೆ ಕಡೆಗಿತ್ತು. ಹಿಂದಿನಿಂದ ಒಬ್ಬ, 'ನಮ್ಮನೇದೂ ಅಂಗೇ' ಅಂದ. ಇನ್ನೊಬ್ಬ. ಆಮೇಲೆ ಯಾರು ಯಾರೋ. ಏಳು ಕ್ಯಾಲೆಂಡರ್ ಹಾಳೆಗಳು ವಿಸ್ತರಣಾಧಿಕಾರಿಯ ಮೇಜಿನ ಮೇಲೆ ಬಂದವು. ಅವರು ತಮ್ಮ ಮೊಬೈಲಿನಲ್ಲಿ ಗುಣಿಸಿ ನೋಡಿ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು.

ಇಲ್ಲಿಯವರೆಗೆ ಕತೆ ಯಾರಾದರೂ ಊಹಿಸಬಹುದಾದದ್ದೇ. ಆಮೇಲೆ ಕಾರ್ಯದರ್ಶಿ ಎದ್ದು ನಿಂತರು. ಅವರು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

ಟ್ಯಾಂಕರ್‌ನವರು ಕೂಲರಿನೊಳಗೆ ಅಳತೆ ಕಡ್ಡಿ ಇಳಿಸಿ ಹಾಲು ಎಷ್ಟಿದೆ ಅಂತ ನೋಡುತ್ತಾರೆ. ಆ ಅಳತೆ ದಿನಾ ಸಂಘದ ಪುಸ್ತಕಕ್ಕಿಂತ ಆರೆಂಟು ಲೀಟರ್ ಕಮ್ಮಿ ಬರುತ್ತಿತ್ತು. ಟ್ಯಾಂಕ್ ಹಾಕಿದ ಮೊದಲ ತಿಂಗಳಿಂದಲೇ ಹೀಗೆ. ಆಡಳಿತ ಮಂಡಳಿಗೆ ಬಾಯಿಮಾತಿನಲ್ಲಿ ಹೇಳಿದ್ದರಂತೆ. 'ನೀನೇ ಹೆಂಗಾದ್ರೂ ಸರಿ ಮಾಡ್ಕೊ' ಅಂದರಂತೆ. ಎರಡು ತಿಂಗಳು ಕೊರತೆಯ ದುಡ್ಡು ಅವರ ಸಂಬಳದಿಂದ ಹೋಯಿತು. ಮೂರನೇ ತಿಂಗಳಿಂದ ಕೊನೆಯ ಅಂಕಿ ಬೀಳಿಸಲು ಶುರು ಮಾಡಿದರು. 'ಯಾರ್ಗೂ ಬಾಯಿ ಬಿಟ್ಟು ಹೇಳ್ನಿಲ್ಲ. ಹೇಳುದ್ರೆ ಕೆಲ್ಸ ಬಿಡ್ಸಾಕ್ತಾರೆ ಅಂತ' ಅಂದರು. ಧ್ವನಿ ನಡುಗುತ್ತಿತ್ತು.

ಆದರೆ ಸೊಸೆ ಆಗಲೇ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕುತ್ತಿದ್ದಳು. ದಿನಕ್ಕೆ ಬೀಳಿಸಿದ್ದು ಸುಮಾರು 12.6 ಲೀಟರ್. ಕೊರತೆ ಏಳು ಅಂತ ಇಟ್ಟುಕೊಂಡರೂ ಐದೂವರೆ ಲೀಟರ್ ಉಳಿಯುತ್ತದೆ. ಹಾಳೆಯನ್ನು ಅತ್ತೆಯ ಕೈಗೆ ಕೊಟ್ಟು ಕಿವಿಯಲ್ಲಿ ಹೇಳಿದಳು. ಅತ್ತೆ ಮತ್ತೆ ಎದ್ದು, 'ಮಿಕ್ಕಿದ್ದು?' ಅಂದರು. ಒಂದೇ ಪದ.

ಅದಕ್ಕೆ ಉತ್ತರ ಬರಲಿಲ್ಲ. ಬೆಳಗ್ಗೆ ಡೇರಿಯಲ್ಲೇ ಬಿಡಿಯಾಗಿ ಹಾಲು ಮಾರುತ್ತಿದ್ದರು, ಅದಕ್ಕೆ ರಸೀದಿ ಇರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದೂ ಯಾರೂ ಕೇಳದಿದ್ದ ಇನ್ನೊಂದು ಸಂಗತಿ.

ಆಮೇಲೆ ಏನಾಯಿತು

ವಾರದೊಳಗೆ ಒಕ್ಕೂಟದಿಂದ ಒಬ್ಬ ಟೆಕ್ನಿಷಿಯನ್ ಬಂದ. ಕೂಲರಿನ ಮೇಲೆ ರಸಮಟ್ಟ ಇಟ್ಟು ನೋಡಿದ. ನೀರಿನ ಗುಳ್ಳೆ ಒಂದು ಪಕ್ಕಕ್ಕೆ ಸರಿದು ನಿಂತಿತು. ಟ್ಯಾಂಕ್ ಕೂರಿಸಿದ ನೆಲವೇ ಓರೆ. ಟ್ಯಾಂಕ್ ವಾಲಿದ್ದರೆ ಕಡ್ಡಿಯ ಅಳತೆ ಸರಿ ಬರುವುದಿಲ್ಲ. ಒಂದು ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಮಟ್ಟ ಮಾಡಿದ. ಅರ್ಧ ಗಂಟೆಯ ಕೆಲಸ. ಮಾರನೇ ದಿನದಿಂದ ಕೊರತೆ ಒಂದೆರಡು ಲೀಟರಿಗೆ ಇಳಿಯಿತು.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ತಗಡಿನ ತುಂಡು. ಕಾರ್ಯದರ್ಶಿ ಮೊದಲ ತಿಂಗಳಲ್ಲೇ ಅರ್ಧ ಹಾಳೆಯಲ್ಲಿ ಬರೆದು ಕೊಟ್ಟಿದ್ದರೆ ಅದು ಅವತ್ತೇ ಟ್ಯಾಂಕಿನ ಕೆಳಗೆ ಬರುತ್ತಿತ್ತು. ಮಂಡಳಿಯವರು 'ನೀನೇ ಸರಿ ಮಾಡ್ಕೊ' ಅನ್ನುವ ಬದಲು ಯಾಕೆ ಕಮ್ಮಿ ಬರುತ್ತಿದೆ ಅಂತ ಕೇಳಿದ್ದರೂ ಆಗುತ್ತಿತ್ತು. ಮೇಲಿನವರಿಗೆ ಹೇಳಲಾರದ್ದನ್ನು ಕಾರ್ಯದರ್ಶಿ ಕೆಳಗಿನವರ ಕ್ಯಾನಿನಿಂದ ತುಂಬಿಸಿದರು. ಕೆಳಗಿನವರು ಕೇಳಲಿಲ್ಲ. ಯಾರೂ ಕೇಳುವುದಿಲ್ಲ ಅಂತ ಗೊತ್ತಾದ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ತುಂಬಿಸಿಕೊಂಡರು. ಮೊದಲ ದಿನವೇ ಅವರು ಕದಿಯಲು ಹೊರಟಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಆಮೇಲೆ ಮಾಡಿದ್ದಕ್ಕೆ ಬೇರೆ ಹೆಸರೂ ಇಲ್ಲ. ಎರಡೂ ನಿಜ.

ಕೊನೆಯ ಅಂಕಿ ಬರೆಯಬೇಕು, ತಕ್ಕಡಿಯ ಇನ್ನೊಂದು ಮುಖ ಹೊರಗೆ ಹಾಕಬೇಕು, ಬಿಡಿ ಹಾಲಿಗೆ ರಸೀದಿ ಕೊಡಬೇಕು ಅಂತ ಸಭೆಯ ನಡವಳಿಯಲ್ಲಿ ಬರೆದರು. ಕಾರ್ಯದರ್ಶಿ ಒಂದು ಮೊತ್ತವನ್ನು ಸಂಘಕ್ಕೆ ಕಟ್ಟಿ ನಾಲ್ಕು ತಿಂಗಳ ನಂತರ ಕೆಲಸ ಬಿಟ್ಟರು. ಪೊಲೀಸಿಗೆ ಹೋಗುವುದು ಬೇಡ ಅಂತ ಸಭೆಯೇ ತೀರ್ಮಾನಿಸಿತು. ಇದು ಸರಿಯೇ ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನವಿದೆ. ಕಟ್ಟಿದ ದುಡ್ಡು ಹೋದ ಹಾಲಿನ ಕಾಲು ಭಾಗವೂ ಆಗಲಿಕ್ಕಿಲ್ಲ. ಮಂಡಳಿಯ ಯಾರ ಮೇಲೂ ಒಂದು ಮಾತೂ ಬರಲಿಲ್ಲ. ಸಭೆಗೆ ಅದೂ ಮುಲಾಜೇ ಇರಬೇಕು.

ಸೊಸೆ ಇದಕ್ಕೆ ಏನೂ ಬೆಲೆ ತೆರಲಿಲ್ಲ ಅಂತಲ್ಲ. ಕಾರ್ಯದರ್ಶಿಯ ಹತ್ತಿರದ ಎರಡು ಮನೆಯವರು ಇವತ್ತಿಗೂ ಮಾತಾಡಿಸುವುದಿಲ್ಲ. ಆ ವರ್ಷ ಒಂದು ಬೀಗರ ಊಟಕ್ಕೆ ಸೊಸೆಯ ಮನೆಯೊಂದನ್ನು ಬಿಟ್ಟು ಉಳಿದವರನ್ನು ಕರೆದರು. ಗಂಡ ಜಾಮೀನಿಗೆ ಬೇರೆಯವರನ್ನು ಹುಡುಕಲು ಮೂರು ತಿಂಗಳು ಅಲೆದ. ಆತ ಸುಮಾರು ದಿನ ಗುರ್ ಅನ್ನುತ್ತಲೇ ಇದ್ದ. ಬಾಯಿ ಬಿಡಿ ಅಂತ ತರಬೇತಿಯಲ್ಲಿ ಹೇಳುವ ನನ್ನಂಥವರು ಇದನ್ನೂ ಮೊದಲೇ ಹೇಳಬೇಕು ಅಂತ ಆಮೇಲೆ ಕಲಿತೆ. ಈಗ ಹೇಳುತ್ತೇನೆ. ಹೇಳಿದ ಮೇಲೂ ಎದ್ದು ಬಂದು ಕೇಳುವವರು ಇದ್ದಾರೆ. ಬಂದವರಿಗೆ ಮೊದಲು ಕ್ಯಾಲೆಂಡರ್ ಚೌಕದ ಮಾತು ಹೇಳುತ್ತೇನೆ, ಆಮೇಲೆ ಇನ್ನೊಂದು ಮನೆಯ ಪುಸ್ತಕ ನೋಡಿಕೊಂಡು ಬರಲು ಕಳಿಸುತ್ತೇನೆ. ಷೇರು ಯಾರ ಹೆಸರಲ್ಲಿದೆ ಅಂತಲೂ ಕೇಳುತ್ತೇನೆ. ಬಹಳ ಹೆಣ್ಣುಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ.

ಒಂದು ವರ್ಷದ ನಂತರ ಆ ಊರಿಗೆ ಹೋಗಿದ್ದೆ. ತಕ್ಕಡಿಯ ಕೆಂಪು ಅಂಕಿ ರಸ್ತೆಗೆ ಕಾಣುತ್ತಿತ್ತು. ಸಾಲಿನಲ್ಲಿ ಯಾರೂ ಅದನ್ನು ಗಮನವಿಟ್ಟು ನೋಡುತ್ತಿರಲಿಲ್ಲ. ಹೊಸ ಹುಡುಗಿಯೊಬ್ಬಳು ಎರಡೂ ಅಂಕಿ ಬರೆಯುತ್ತಿದ್ದಳು.

ಸೊಸೆಯ ಮನೆಯಲ್ಲಿ ಕಾಫಿ ಕುಡಿಯುತ್ತಾ, ಷೇರನ್ನು ನಿನ್ನ ಹೆಸರಿಗೆ ಮಾಡಿಸಿಕೊಂಡೆಯಾ ಅಂತ ಕೇಳಿದೆ. ಅವಳು ಅತ್ತೆಯ ಕಡೆ ನೋಡಿ ನಕ್ಕಳು. ಅರ್ಜಿ ತುಂಬಿ ಇಟ್ಟು ಆರು ತಿಂಗಳಾಯಿತಂತೆ, ಅತ್ತೆ ಹೆಬ್ಬೆಟ್ಟು ಕೊಡುತ್ತಿಲ್ಲ.

ಅತ್ತೆ ಒಳಗಿನಿಂದಲೇ ಕೂಗಿದರು. 'ವಸಿ ತಡಿ ಅಂತ ಹೇಳಿವ್ನಿ ಅವ್ಳಿಗೆ. ಈ ಸೆಪ್ಟೆಂಬರ್‌ಗೆ ಬೂಸಾ ಚೀಲದ ಲೆಕ್ಕ ಕೇಳದದೆ ನಂಗೆ.'